ಸಿನಿಮಾದಲ್ಲಿ ಇಲ್ಲದ ಮುದುಕಿ

ಗೂಡ್ಸ್ ಗಾಡಿಯ ಗಾರ್ಡ್ ಗುರುಸಿದ್ದಪ್ಪನ ಹೆಂಡತಿ ನೀಲಾಂಬಿಕಾ ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿದವಳು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಾಗಪುರದ ಅಜನಿ ಕ್ವಾರ್ಟರ್ಸಿನ ಹೆಂಗಸರು ತಂತಿ ಓದಿಸಲು, ಔಷಧದ ಶೀಶೆಯ ಚೀಟಿ ಓದಿಸಲು ಅವಳ ಬಾಗಿಲಿಗೇ ಬರುತ್ತಿದ್ದರು. ಆದರೆ ಅವಳಿಗೆ ಹುಚ್ಚಿದ್ದದ್ದು ಎದೆ ನಡುಗಿಸುವ ಕಾದಂಬರಿಗಳದ್ದು. ದೆವ್ವ, ಬೇರೆ ಗ್ರಹದ ಜೀವಿ, ಪ್ರಯೋಗ ಮಾಡಲು ಹೋಗಿ ತಾನೇ ಕೆಟ್ಟ ವಿಜ್ಞಾನಿ, ಯಾವುದಾದರೂ ಸರಿ. ಗಂಡ ಕಾಮಠಿಯ ಕಡೆ ಡ್ಯೂಟಿಗೆ ಹೋದಾಗಲೆಲ್ಲ ಅಲ್ಲಿಯ ರದ್ದಿ ಅಂಗಡಿಯಲ್ಲಿ, ಹಿಂದೆ ಬಿಳಿ ಸಿಪಾಯಿಗಳು ಬಿಟ್ಟುಹೋದ ಪುಸ್ತಕಗಳ ರಾಶಿಯಿಂದ ಮುಖಪುಟ ನೋಡಿಯೇ ಒಂದನ್ನು ಎತ್ತಿಕೊಂಡು ಬರುತ್ತಿದ್ದ. ಮುಖಪುಟದ ಮೇಲೆ ಹೆಂಗಸು ಚೀರುತ್ತಿದ್ದರೆ ಹೆಂಡತಿಗೆ ಸೇರುತ್ತದೆ ಎಂಬುದು ಅವನ ಲೆಕ್ಕ. ಅದು ತಪ್ಪಿದ್ದಿಲ್ಲ.

ಐವತ್ತಾರರ ಚಳಿಗಾಲದಲ್ಲಿ ಹಾಗೆ ಬಂದ ಪುಸ್ತಕ ಅವಳ ನಿದ್ದೆ ಕೆಡಿಸಿತು. ಹಿಮದ ಬೆಟ್ಟದ ಬುಡದಲ್ಲಿ ಒಂದು ಹಳ್ಳಿ. ಆಕಾಶದಿಂದ ಬಿದ್ದ ಏನೋ ಒಂದು ಅಲ್ಲಿಯ ಪಾಳುಬಿದ್ದ ಹಿಟ್ಟಿನ ಗಿರಣಿಯಲ್ಲಿ ಸೇರಿಕೊಳ್ಳುತ್ತದೆ. ಅದು ರಕ್ತ ಕುಡಿಯುವುದಿಲ್ಲ, ದನಿ ಕದಿಯುತ್ತದೆ. ಅದು ಮುಟ್ಟಿದವರು ಮೂಕರಾಗುತ್ತಾರೆ. ಮರುದಿನ ಅವರದೇ ದನಿಯಲ್ಲಿ ಅವರ ಮನೆಯವರನ್ನೇ ಹೊರಗೆ ಕರೆಯುತ್ತದೆ.

ಮಧ್ಯಾಹ್ನದ ಕೆಲಸ ಮುಗಿಸಿ ಹೆಂಗಸರು ಅಂಗಳದ ಬಿಸಿಲಲ್ಲಿ ಕಿತ್ತಳೆ ಸುಲಿಯುತ್ತ ಕೂತಾಗ ನೀಲಾಂಬಿಕಾ ರಾತ್ರಿ ಓದಿದಷ್ಟು ಕಥೆಯನ್ನು ದಿನಕ್ಕಿಷ್ಟು ಎಂದು ಹೇಳತೊಡಗಿದಳು. ಎದುರು ಮನೆಯ ಮೈಸೂರಿನ ಹುಡುಗಿ ವಿಜಯಾ ಹೊಸದಾಗಿ ಮದುವೆಯಾಗಿ ಬಂದವಳು. ಕೇಳುತ್ತ ಕೇಳುತ್ತ ಪಕ್ಕದವರ ಸೆರಗು ಹಿಡಿದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಮರಾಠಿ ಹೆಂಗಸು ಕಲಾವತಿಗೆ ಕನ್ನಡ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೂ ಎಲ್ಲರಿಗಿಂತ ಮೊದಲು “ಮಗ ಕಾಯ್ ಝಾಲಂ?”, ಆಮೇಲೇನಾಯಿತು, ಎಂದು ಮರಾಠಿಯಲ್ಲಿ ಕೇಳುವವಳು ಅವಳೇ. ನೀಲಾಂಬಿಕಾಳ ಅತ್ತೆ ಕಾಶಿಬಾಯಿಗೆ ಕಿವಿ ಮಂದ. ಸೊಸೆ ಗಂಟಲು ಹರಿಯುವಂತೆ ಕೂಗಿ ಹೇಳಬೇಕು, ಹೇಳಿದ ಮೇಲೂ ಮುದುಕಿ “ಏನಂತ?” ಎನ್ನುವಳು.

ಹೀಗೆ ಹದಿನೈದು ದಿನ ನಡೆಯಿತು. ಆ ಜೀವಿಯನ್ನು ಹುಡುಕಿಕೊಂಡು ಬಂದ ವಿಜ್ಞಾನಿಯೊಬ್ಬ ಲಾಟೀನು ಹಿಡಿದು ಗಿರಣಿಯ ಬಾಗಿಲು ತಳ್ಳುವಲ್ಲಿಗೆ ಕಥೆ ಬಂತು. ಆ ರಾತ್ರಿ ಮುಂದಿನದನ್ನು ಓದಲು ನೀಲಾಂಬಿಕಾ ಪುಟ ತಿರುವಿದಳು. ಮುಂದೆ ಪುಟವೇ ಇರಲಿಲ್ಲ! ಕೊನೆಯ ಮೂವತ್ತು ನಲವತ್ತು ಹಾಳೆಗಳನ್ನು ಯಾರೋ ಎಂದೋ ಕಡಲೆಕಾಯಿ ಕಟ್ಟಲು ಹರಿದುಕೊಂಡಿದ್ದರು.

ಮರುದಿನ ಎಲ್ಲರೂ ಕಣ್ಣರಳಿಸಿ ಕೂತಿದ್ದರು. ಪುಸ್ತಕ ಹರಿದಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಅತ್ತೆ “ಏನಂತ?” ಎಂದಳು. ಆ ಮುಖ ನೋಡುತ್ತಿದ್ದಂತೆ ನೀಲಾಂಬಿಕಾಳ ಬಾಯಿಂದ ತಾನಾಗಿಯೇ ಒಂದು ಮಾತು ಹೊರಟಿತು: “ಆ ಊರಾಗ ಒಬ್ಬಾಕಿ ಕಿವುಡ ಮುದುಕಿ ಇದ್ಳು.”

ಹಳ್ಳಿಗೆ ಹಳ್ಳಿಯೇ ಆ ಜೀವಿಯ ದನಿಗೆ ಮೋಸಹೋದರೂ ಮುದುಕಿ ಹೋಗಲಿಲ್ಲ. ಅವಳಿಗೆ ಅದು ಕೇಳಿಸಲೇ ಇಲ್ಲವಲ್ಲ. ಅವಳು ನೆಟ್ಟಗೆ ಗಿರಣಿಯೊಳಕ್ಕೆ ನಡೆದಳು. ಕಂಡದ್ದು ಮುಖ ಮಾತ್ರ, ಹಸಿದ ಮರಿಯ ಮುಖ. ಮುದುಕಿ ಉಡಿಯಲ್ಲಿದ್ದ ರೊಟ್ಟಿ ಕೊಟ್ಟಳು, ತಲೆ ಸವರಿದಳು. ದೂರದಲ್ಲಿದ್ದ ತನ್ನವರನ್ನು ಕೂಗಿ ಕರೆಯಲು ಆ ಮರಿಗೆ ಸ್ವಂತ ದನಿಯಿರಲಿಲ್ಲ. ಅದಕ್ಕೇ ಊರಿನವರದನ್ನು ಕದ್ದಿತ್ತು. ಹೊಟ್ಟೆ ತುಂಬಿದ ಮೇಲೆ ಒಂದೊಂದಾಗಿ ಎಲ್ಲ ದನಿಗಳನ್ನೂ ಬಿಟ್ಟುಕೊಟ್ಟಿತು. ಬೆಳಗಾಗುವ ಹೊತ್ತಿಗೆ ಊರಿಗೆ ಊರೇ ಒಟ್ಟಿಗೆ ಮಾತಾಡತೊಡಗಿತು.

ಕಲಾವತಿ ಕಣ್ಣೊರೆಸಿಕೊಂಡಳು. ಕಾಶಿಬಾಯಿ “ಶಾಣ್ಯಾಕಿ ಅದಾಳ ಮುದುಕಿ” ಎಂದು ಆ ವಾರವೆಲ್ಲ ಹೊಗಳಿದಳು.

ಅದಾಗಿ ತಿಂಗಳು ಕಳೆದಿರಲಿಲ್ಲ. ಕಲಾವತಿ ಬಜಾರಿನಿಂದ ಏದುಸಿರು ಬಿಡುತ್ತ ಬಂದಳು. ಸೀತಾಬರ್ಡಿಯ ಟಾಕೀಜಿನ ಗೋಡೆಯ ಮೇಲೆ ಪೋಸ್ಟರು, ಅದೇ ಹಿಮದ ಬೆಟ್ಟ, ಅದೇ ಗಿರಣಿ! ವಿಜಯಾ ಅವಸರದಿಂದ ಹೋಗಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಚೀಟಿಯಲ್ಲಿ ಬರೆದುಕೊಂಡು ಬಂದಳು. ಸಂಶಯವೇ ಇಲ್ಲ, ಅದೇ ಪುಸ್ತಕ ಸಿನಿಮಾ ಆಗಿದೆ. ಭಾನುವಾರ ಬೆಳಗಿನ ಆಟ.

ನೀಲಾಂಬಿಕಾಳಿಗೆ ನೋಡಬೇಕೆಂಬ ಆಸೆ ಒಂದು ಕಡೆ, ಸಿಕ್ಕಿಬೀಳುವ ಭಯ ಇನ್ನೊಂದು ಕಡೆ. “ಇಂಗ್ಲಿಷ್ ಸಿನಿಮಾ, ನಿಮಗ ತಿಳ್ಯಾಂಗಿಲ್ಲ ಬಿಡ್ರಿ” ಎಂದು ಹೇಳಿ ನೋಡಿದಳು.

“ಕಥಿ ಗೊತ್ತೈತಲ್ಲ, ಭಾಷಾ ಯಾಕ ಬೇಕ?” ಎಂದಳು ಕಾಶಿಬಾಯಿ. “ನಾ ಆ ಮುದುಕೀನ್ನ ನೋಡಬೇಕ.”

ಭಾನುವಾರ ನಾಲ್ವರೂ ಟಾಂಗಾ ಮಾಡಿಕೊಂಡು ಹೋದರು. ಕತ್ತಲಾಗಿ ಪರದೆಯ ಮೇಲೆ ಹಿಮ ಬೀಳತೊಡಗಿದಾಗ ನೀಲಾಂಬಿಕಾ ಎಲ್ಲ ಮರೆತಳು. ತಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಗಿರಣಿ ಅಲ್ಲಿ ನಿಂತಿತ್ತು, ಇನ್ನೂ ದೊಡ್ಡದಾಗಿ, ಕರ್ರಗೆ. ಬಾಗಿಲು ಬಡಿದ ಸದ್ದಾಗಿ, ಮೂಕನಾಗಿ ಒಳಗೆ ಮಲಗಿದ್ದ ಗಂಡನ ದನಿ ಹೊರಗಿನಿಂದ ಹೆಂಡತಿಯನ್ನು ಕರೆದಾಗ ಕ್ವಾರ್ಟರ್ಸಿನ ಗುಂಪೆಲ್ಲ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿತು. ಆದರೆ ಆ ಜೀವಿ ಕಾಣಿಸಿಕೊಂಡದ್ದೇ ತಡ, ಕಾಶಿಬಾಯಿ ಟಾಕೀಜಿಗೆಲ್ಲ ಕೇಳುವಂತೆ, “ಬೆನ್ನಿಗಿ ಹೊಲಿಗಿ ಕಾಣತೈತಲ್ಲಬೇ! ಯಾವ ಸಿಂಪಿಗ್ಯಾ ಹೊಲದಾನ ಇದನ್ನ?” ಎಂದಳು. ಕಲಾವತಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಹಿಂದಿನ ಸಾಲಿನವರು “ಚುಪ್!” ಎಂದರು. ಅವರಿಗೂ ನಗು ತಡೆಯುತ್ತಿರಲಿಲ್ಲ.

ಕೊನೆಗೆ ವಿಜ್ಞಾನಿ ಬಾಗಿಲು ತಳ್ಳಿದ. ನೀಲಾಂಬಿಕಾ ಓದಿದ್ದು ಇಲ್ಲಿಯವರೆಗೆ ಮಾತ್ರ. ಅಷ್ಟರಲ್ಲಿ ಮಿಲಿಟರಿ ಬಂತು, ತೋಪು ಹಾರಿತು, ಗಿರಣಿ ಬೂದಿಯಾಯಿತು. ನಾಯಕ ನಾಯಕಿಯನ್ನು ತಬ್ಬಿಕೊಂಡ. ಟಾಕೀಜಿನ ದೀಪಗಳು ಹತ್ತಿದವು.

ಕಾಶಿಬಾಯಿ ಎದ್ದೇ ನಿಂತಳು. “ಅಲ್ಲಾ, ಸುಟ್ಟೇ ಬಿಟ್ರಲ್ಲ ಕೂಸನ್ನ! ಮುದುಕಿ ಎಲ್ಲಿ ಹ್ವಾದ್ಳು?”

“ಸಿನಿಮಾದವರು ಕಥೆ ಕೆಡಿಸಿಬಿಟ್ಟಿದಾರೆ, ನೀಲಕ್ಕ” ಎಂದಳು ವಿಜಯಾ ಕೋಪದಿಂದ. “ಪುಸ್ತಕದಲ್ಲಿ ಎಷ್ಟು ಚೆನ್ನಾಗಿತ್ತು!” ಗೇಟ್‌ಕೀಪರನನ್ನೇ ಕೇಳೋಣವೆಂದು ಕಲಾವತಿ ಆಗಲೇ ಆ ಕಡೆ ಹೊರಟಿದ್ದಳು. ನೀಲಾಂಬಿಕಾ ಅವಳ ತೋಳು ಹಿಡಿದು ಎಲ್ಲರನ್ನೂ ಹೊರಗೆ ಎಳೆದುಕೊಂಡು ಬಂದಳು. ಟಾಂಗಾ ನಿಲ್ಲುವಲ್ಲಿ ತಲೆ ತಗ್ಗಿಸಿ, “ಅತ್ತ್ಯಾರ, ಪುಸ್ತಕದಾಗ ಮುದುಕಿ ಇರಲಿಲ್ರಿ” ಎಂದಳು.

“ಏನಂತ?”

“ಕಡೀ ಹಾಳಿ ಹರದಿದ್ವು! ನಾನಽ ಹುಟ್ಟಿಸಿ ಹೇಳಿದ್ನಿ!”

“ಏನ್ ಹರದೈತಿ?”

“ಮುದುಕೀನ್ನ ನಾನಽ ಹುಟ್ಟಿಸೇನ್ರೀ!” ಎಂದು ನೀಲಾಂಬಿಕಾ ಸೀತಾಬರ್ಡಿಯ ನಡುಬೀದಿಯಲ್ಲಿ ಕಿರುಚಿದಳು. ಪಾನಿನ ಅಂಗಡಿಯವನು ಕತ್ತು ಹೊರಚಾಚಿ ನೋಡಿದ. ಎರಡು ಸೈಕಲ್ಲು ನಿಂತವು. “ನಿಮ್ಮನ್ನ ನೋಡಿ ಹುಟ್ಟಿಸಿದ್ನಿ!”

ಕಲಾವತಿಗೆ ಅಷ್ಟು ಕನ್ನಡ ಬರೋಬರ್ ತಿಳಿಯಿತು. ಬಾಯಿ ತೆರೆದು ನಿಂತಳು. ವಿಜಯಾ “ಅಯ್ಯೋ ನೀಲಕ್ಕಾ!” ಎಂದು ಅವಳನ್ನು ಅಪ್ಪಿಕೊಂಡೇಬಿಟ್ಟಳು. ಕಾಶಿಬಾಯಿ ಮಾತ್ರ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದಳು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ನೀಲಾಂಬಿಕಾ ಆ ನೋಟಕ್ಕೆ ಹೆದರಿದ್ದು ಎಷ್ಟು ಸಲವೋ.

“ಹಂಗಾರ ಆಕಿ ನಾನೇನ?”

“ಹೌದ್ರಿ.”

“ಬರೇ ರೊಟ್ಟಿ ಕೊಟ್ನ್ಯಾ?” ಮುದುಕಿಯ ದನಿ ಏರಿತು. “ಹಸದು ಬಂದ ಕೂಸಿಗಿ ಒಣಾ ರೊಟ್ಟಿ ಕೊಡಾಕಿ ಅಂತ ತಿಳದೀ ಏನ ನನ್ನ? ಶೇಂಗಾ ಚಟ್ನಿ ಇರಲಿಲ್ಲೇನ ಮನ್ಯಾಗ? ಮೊಸರ ಇರಲಿಲ್ಲೇನ?”

ನೀಲಾಂಬಿಕಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕಳು, ನಕ್ಕು ನಕ್ಕು ಟಾಂಗಾದ ಗಾಲಿ ಹಿಡಿದುಕೊಂಡಳು.

ದಾರಿಯುದ್ದಕ್ಕೂ ಆ ದಿನ ಕಥೆ ಹೇಳಿದವಳು ಕಾಶಿಬಾಯಿ. ರೊಟ್ಟಿಗೆ ಬದನೆಕಾಯಿ ಪಲ್ಯ ಹಚ್ಚಿಕೊಟ್ಟದ್ದು, ಮರಿ ಖಾರಕ್ಕೆ ಊರಿನವರೆಲ್ಲರ ದನಿಯಲ್ಲಿ ಒಮ್ಮೆಲೇ ಹಾ ಹಾ ಎಂದದ್ದು, ಹೊರಡುವಾಗ ದಾರಿಗೆ ಬುತ್ತಿ ಕಟ್ಟಿಕೊಟ್ಟದ್ದು. ವಿಜಯಾ ನಡುನಡುವೆ ಒಂದೊಂದು ಸೇರಿಸಿದಳು, ಕಲಾವತಿ ಮರಾಠಿಯಲ್ಲಿ ತಿದ್ದಿದಳು. ನೀಲಾಂಬಿಕಾ ಸುಮ್ಮನೆ ಕೂತು ಕೇಳಿದಳು. ತನಗಿಂತ ಅತ್ತೆಯೇ ಚೆನ್ನಾಗಿ ಹೇಳುತ್ತಾಳೆ ಎನ್ನಿಸಿತು. ಅಜನಿಯ ಸೇತುವೆ ದಾಟುವಾಗ ಟಾಂಗಾದವನು ಲಗಾಮು ಸಡಿಲಬಿಟ್ಟು, ಕುದುರೆಯನ್ನು ಅದರ ಪಾಡಿಗೆ ನಡೆಯಲು ಬಿಟ್ಟಿದ್ದ. ಯಾರಿಗೂ ಅವಸರವಿರಲಿಲ್ಲ.