ಒಂದು ಮೊಳ ಪೈಪು

ಹೊಸ ಪೈಪು ತಂದರೆ ಏಳುನೂರಕ್ಕೆ ಕಡಿಮೆಯಿಲ್ಲ, ಅದೂ ಉಗುರು ತಾಗಿದರೆ ಸೀಳುವಂಥ ತೆಳು ಮಾಲು, ಸೀಳಿದ ಈ ಪೈಪು ಜೋಡಿಸಲಿಕ್ಕಾದರೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ, ಗೇಣುದ್ದ ತಂತಿ, ಒಂದು ಚೆಂಬು ಬಿಸಿನೀರು, ಖರ್ಚೆಂದರೆ ಒಲೆಯ ಉರಿ ಮಾತ್ರ — ಸೀಳಿದ ಕಡೆ ಬೆರಳಿಟ್ಟರೆ ಮೀನಿನ ಬಾಯಿಯಂತೆ ತೆರೆಯುತ್ತದೆ, ಬಿಸಿಲು ತಿಂದು ತಿಂದು ಹಸಿರು ಬಣ್ಣ ಬೂದಿಯಾಗಿದೆ, ಪಾಪ, ಅದಾದರೂ ಎಷ್ಟು ತಡೆದೀತು, ನಮ್ಮ ನಳದಿಂದ ಹೊರಟು ಬದನೆ ಪಾತಿ, ಮಲ್ಲಿಗೆ, ತೊಂಡೆಯ ಚಪ್ಪರ ದಾಟಿ ಹಿತ್ತಲ ಗೋಡೆ ಏರಿ ಆಚೆ, ನಳವಿಲ್ಲದ ಹಿಂದಿನ ಓಣಿಯ ಬಾನುಬಿಯ ಬ್ಯಾರಲ್ಲಿಗೆ ಇಳಿಯಬೇಕು, ನೀರು ಬರುವುದೋ ಎಂಟತ್ತು ದಿನಕ್ಕೊಮ್ಮೆ, ಬಂದ ದಿನ ಮೊದಲು ನಮ್ಮ ಟಾಕಿ, ಆಮೇಲೆ ಅವಳ ಬ್ಯಾರಲ್ಲು, ಆಳೆತ್ತರದ ಗೋಡೆ, ಮುಖ ಕಾಣುವುದಿಲ್ಲ, ತುಂಬಿದ ಕೂಡಲೇ ಗೋಡೆಯ ಮೇಲೆ ಹಸಿರು ಬಳೆಯ ಕೈಯೊಂದು ಎದ್ದು ಸಾಕು ಎಂದು ಅಲ್ಲಾಡುತ್ತದೆ, ಆಗ ನಾನು ನಳ ಬಂದ್ ಮಾಡಬೇಕು — ಒಮ್ಮೆ ಸುಮ್ಮನೆ ಮಾತಾಡಿಸುತ್ತಿದ್ದಾಳೆಂದು ನಾನೂ ಕೈ ಬೀಸಿದೆ, ಅವಳು ಬೀಸಿದಳು, ನಾನು ಬೀಸಿದೆ, ಕಡೆಗೆ ಕೂಗು ಬಂತು, ಏನ ಬೇ ಉಡಚವ್ವ, ಟಾಟಾ ಮಾಡಾಕತ್ತೀಯಲ್ಲ, ಇಲ್ಲಿ ನಮ್ಮ ಕೋಳಿ ಮಂಚಾ ಏರಿ ಕುಂತಾವು — ಓಡಿಹೋಗಿ ನೋಡಿದರೆ ಅಂಗಳವೆಲ್ಲ ನೀರು, ನಡುವೆ ಬಾಯಿಯಲ್ಲಿ ಲವಂಗ ಕಚ್ಚಿಕೊಂಡು ಬಾನುಬಿ, ಹಲ್ಲುನೋವು ಹೋಗಿ ಎಷ್ಟು ವರ್ಷವಾದರೂ ಅವಳ ಬಾಯಿಂದ ಲವಂಗ ಹೋಗಲಿಲ್ಲ, ನಗುತ್ತ ನಗುತ್ತ ಇಬ್ಬರೂ ನೀರು ಗೋರಿದ್ದು. ಮೊನ್ನೆ ಹಿಂದಿನ ಓಣಿಗೆ ಹೊಸ ಲೈನು ಬಂತು, ಅವಳ ಅಂಗಳದಲ್ಲಿ ಅವಳದೇ ನಳ ನಿಂತಿತು, ಪೇಢೆ ಕಳಿಸಿದಳು, ತಿಂದೆ, ಸಿಹಿಯಾಗಿಯೇ ಇತ್ತು, ಆದರೆ ಸ್ವಂತ ನಳ ಇದ್ದವಳಿಗೆ ನನ್ನ ಪೈಪಿನ ತುದಿ ಯಾಕೆ, ಇವತ್ತೋ ನಾಳೆಯೋ ಸುತ್ತಿ ಈಚೆ ಒಗೆಯುತ್ತಾಳೆ, ಒಗೆದ ಮೇಲೆ ಆ ಕೈ ಯಾತಕ್ಕೆ ಏಳಬೇಕು, ಬೆಳಗಿನಿಂದ ಗೋಡೆಯನ್ನೇ ನೋಡುತ್ತಿದ್ದೇನೆ, ಇನ್ನೂ ಒಗೆದಿಲ್ಲ.

ಅಲ್ಲಿಗೇ ಕತ್ತರಿಸಿ ಬಿಡು, ನಮ್ಮ ಗಿಡಕ್ಕ ಅರ್ಧಾ ಸಾಕು, ಆ ಕಡೆ ಇನ್ನೇನ ಕೆಲಸೈತಿ — ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ನಮ್ಮ ಮನೆಯವರು, ನೀವು ಸುಲೀರಿ ಸುಮ್ನ, ಬುಟ್ಟಿಗಿಂತ ಬಾಯಾಗ ಜಾಸ್ತಿ ಹೊಂಟಾವು ಎಂದೆ, ಅವರು ಹೇಳಿದ್ದು ಲೆಕ್ಕಕ್ಕೆ ಸರಿಯೇ, ಆದರೂ ಕೈ ಕೇಳಲಿಲ್ಲ, ಸೀಳಿದ್ದು ಒಂದು ಮೊಳ, ಅಷ್ಟನ್ನೇ ಕತ್ತರಿಸಿ ತೆಗೆದೆ, ಎರಡೂ ತುದಿ ಬಿಸಿನೀರಲ್ಲಿ ಅದ್ದಿದೆ, ಮೆತ್ತಗಾದವು, ಒಂದು ಹನಿ ಕೊಬ್ಬರಿ ಎಣ್ಣೆ, ನಡುವೆ ಬಿರುಸು ಪೈಪಿನ ತುಂಡು, ತಿರುಗಿಸುತ್ತ ತಿರುಗಿಸುತ್ತ ಒಳಗೆ, ಬಳೆಗಾರ ಕೈ ಹಿಂಡಿ ಬಳೆ ಏರಿಸುವಂತೆ, ಅವಸರ ಮಾಡಬಾರದು, ಮೇಲೆ ಟ್ಯೂಬಿನ ಪಟ್ಟಿ ಎಳೆದೆಳೆದು ಸುತ್ತಿ, ಪಕ್ಕಡದಿಂದ ತಂತಿ ಬಿಗಿದು — ಗಿಡ್ಡವಾಯಿತು, ಆಚೆ ಬ್ಯಾರಲ್ಲಿಗೆ ಮುಟ್ಟೀತೋ ಇಲ್ಲವೋ, ಮುಟ್ಟುವುದೇ ಬೇಕಿಲ್ಲವಲ್ಲ, ಯಾರಿಗಾಗಿ ಇಷ್ಟು ಬಿಗಿ ಮಾಡುತ್ತಿದ್ದೇನೆ.

ಸೋರುತ್ತದೋ ನೋಡಬೇಕು, ಜೋಡಿಸಿದ ಕಡೆ ಸೋಪಿನ ನೊರೆ ಬಳಿದೆ, ನಳದಿಂದ ಬಿಚ್ಚಿದ ತುದಿ ಬಾಯಿಗಿಟ್ಟು ಊದಿದೆ, ಗುಳ್ಳೆ ಏಳಲಿಲ್ಲ, ಭೇಷ್, ಆದರೆ ಗಾಳಿಯೂ ಮುಂದೆ ಹೋಗಲೊಲ್ಲದು, ಕೆನ್ನೆ ಬೋಂಡಾದಂತೆ ಉಬ್ಬಿತು, ಪೈಪು ಎಲ್ಲಾದರೂ ಮಡಚಿಕೊಂಡಿತೇ, ಮಣ್ಣು ಕೂತಿತೇ, ಮತ್ತೆ ಊದಿದೆ, ಊದಿದ್ದು ತಿರುಗಿ ನನ್ನ ಬಾಯಿಗೇ ಬಂತು, ಅದರಲ್ಲಿ — ಲವಂಗ, ಲವಂಗದ ವಾಸನೆ, ಪೈಪಿಗೆ ಎಲ್ಲಿಂದ ಲವಂಗ, ಕಿವಿಗೆ ಹಿಡಿದರೆ ಬಾವಿಯೊಳಗಿಂದ ಬಂದಂಥ ನಗು, ಎಷ್ಟ ಊದತೀ ಬೇ, ನಾ ಏನ ಒಲಿ ಅನ್ಕೊಂಡಿಯೇನ — ನೀ ಅಲ್ಲೇನ ಮಾಡಾಕತ್ತೀ ಬಾನುಬಿ — ತುದಿ ಹಿಡಕೊಂಡ ಕುಂತೀನಿ, ನಮ್ಮ ಹೊಸಾ ನಳಕ್ಕ ನೀರ ಬಂದೈತಿ, ಭಾಳ ಜೋರ ಐತಿ, ಇಷ್ಟ ವರ್ಷ ನೀ ಬಿಟ್ಟಿ, ಇವತ್ತ ನಿನ್ನ ಟಾಕಿಗೆ ನಾ ಬಿಡತೀನಿ — ಪೈಪ ಗಿಡ್ಡಾಗೇತಿ ನೋಡ, ಒಂದ ಮೊಳ ಹೋತು — ಹೋಗ್ಲಿ ಬಿಡ, ನಳ ಗೋಡಿ ಮಗ್ಗಲಿಗೇ ಐತಿ, ಪೈಪಿನಿಂದ ಬಾಯಿ ತಗೀ — ಇನ್ನೇನೋ ಹೇಳೋಣವೆಂದು ಬಾಯಿ ಹಚ್ಚಿದೆ, ಪೈಪು ಮೈ ಕೊಡವಿತು, ಬಾಯಿ, ಮೂಗು, ಕುಪ್ಪಸ, ಎಲ್ಲ ನೀರು, ತಣ್ಣನೆಯ ನೀರು, ಕಟ್ಟೆಯ ಮೇಲೆ ನಮ್ಮ ಮನೆಯವರು ನಕ್ಕ ರಭಸಕ್ಕೆ ಬುಟ್ಟಿ ಉರುಳಿ ಶೇಂಗಾ ಅಂಗಳ ತುಂಬ, ಜೋಡಿಸಿದ ಕಡೆ ಒಂದು ಹನಿಯೂ ಇಲ್ಲ, ತುದಿಯನ್ನು ಟಾಕಿಗೆ ಇಳಿಬಿಟ್ಟೆ, ಕಾಲುಭಾಗ, ಅರ್ಧ, ಅಂಚು, ಸಾಕು ಅನ್ನಬೇಕಾದವಳು ಈಗ ನಾನು, ಗೋಡೆಯ ಹತ್ತಿರ ಹೋಗಿ ಕೈ ಎತ್ತಿ ಅಲ್ಲಾಡಿಸಿದೆ, ಆಚೆಯಿಂದ ಕೈ ಎದ್ದಿತು, ಅದೂ ಅಲ್ಲಾಡಿತು, ಮತ್ತೆ ನಾನು, ಮತ್ತೆ ಅವಳು, ಬೇಕಂತಲೇ ಟಾಟಾ ಮಾಡುತ್ತಿದ್ದಾಳೆ, ಕೋಳಿಯ ಸೇಡು, ಟಾಕಿ ಉಕ್ಕಿ ನೀರು ಬದನೆ ಪಾತಿಗೆ ಓಡುತ್ತಿದೆ, ಓಡಲಿ, ಹೋದದ್ದು ಒಂದು ಮೊಳ ಪೈಪು, ಉಳಿದದ್ದು ಇದು, ಗೋಡೆಯ ಮೇಲೆ ಹಸಿರು ಬಳೆಯ ಕೈ.