ಪಿನ್ ಇಲ್ಲದ ಕೊಕ್ಕೆ

ಆರು ತಿಂಗಳಿಂದ ಲೇತಿನವನು ಲೋಹ ಕಡೆಯುವ ತನ್ನ ಅಂಗಡಿಯಲ್ಲಿ ಬೇರೆ ಕೆಲಸ ಮುಟ್ಟಿರಲಿಲ್ಲ. ರಿಮೋಟಿನಲ್ಲಿ ಓಡುವ, ಮಣ್ಣು ಅಗೆಯುವ ಯಂತ್ರದ ಮೊಣಕಾಲೆತ್ತರದ ಮಾದರಿ ಅವನ ಮೇಜಿನ ಮೇಲಿತ್ತು. ಅದರ ತೋಳಿನ ತುದಿಗೆ ಮಣ್ಣು ಬಾಚುವ ಬಕೆಟ್ ಕಚ್ಚಿಸುವ ಕೊಕ್ಕೆಯನ್ನು ಉಕ್ಕಿನಲ್ಲಿ ಕಡೆದು, ಅರದಿಂದ ಉಜ್ಜಿ, ದೊಡ್ಡ ಯಂತ್ರದ್ದು ಹೇಗೆ ಬಾಯಿ ಮುಚ್ಚಿ ತೆರೆಯುತ್ತದೋ ಹಾಗೇ ಮಾಡಿದ್ದ. ಕೊಕ್ಕೆ ಜಾರದಂತೆ ಅಡ್ಡಕ್ಕೆ ತೂರಿಸುವ ಪಿನ್ನೂ ಇತ್ತು, ಕಡ್ಡಿಯಷ್ಟು ದಪ್ಪದ್ದು.

ದೊಡ್ಡ ಯಂತ್ರ ಭಾವನದು. ಅದರ ಬಕೆಟ್ ಕಳಚಿ ಬಿದ್ದು, ಲೇತಿನವನ ಕಿರಿಯ ತಮ್ಮ, ಇಬ್ಬರು ಮಕ್ಕಳ ತಂದೆ, ಕೆಲಸಕ್ಕಿಳಿದಿದ್ದ ಗುಂಡಿಯಲ್ಲೇ ಅಪ್ಪಚ್ಚಿಯಾಗಿದ್ದ. "ಪಿನ್ ಇಲ್ಲದಿದ್ರೂ ಕೊಕ್ಕೆ ಬಿಡಲ್ಲ. ಅವನೇ ಏನೋ ಕೈಯಾಡಿಸಿದಾನೆ," ಎಂದು ಭಾವ ಕಂಡವರಿಗೆಲ್ಲ ಹೇಳಿದ. ಅಕ್ಕನೂ ನಂಬಿದಳು. "ತಲೆಹರಟೆ, ಸಾವನ್ನ ತಾನಾಗೇ ತಂದ್ಕೊಂಡ," ಅನ್ನುತ್ತಿದ್ದಳು. ಆ ಮಾತು ಲೇತಿನವನ ಎದೆಯಲ್ಲಿ ಮುರಿದ ಮುಳ್ಳಾಗಿತ್ತು. ಅದನ್ನು ಕೀಳಲೆಂದೇ ಇವತ್ತು ಇಬ್ಬರನ್ನೂ ಕರೆಸಿದ್ದ.

ಪಿನ್ ತೆಗೆದ. ಬಕೆಟ್ ಎತ್ತಿ ತೋಳು ಅಲುಗಿಸಿದ. ಬೀಳಲಿಲ್ಲ. ಮತ್ತೆ ಅಲುಗಿಸಿದ. ಊಹೂಂ.

ಭಾವ ಬಕೆಟ್ಟಿನ ಕೆಳಗೆ ಅಂಗೈ ಚಾಚಿ ನಕ್ಕ. "ಬೀಳ್ಸಪ್ಪಾ ಮಹಾರಾಯ! ಆಟದ ಸಾಮಾನು ಹಿಡ್ಕೊಂಡು ನನ್ನನ್ನ ಕೊಲೆಗಾರ ಮಾಡ್ತೀಯಾ?"

ಲೇತಿನವನಿಗೆ ಆಗ ಹೊಳೆಯಿತು. ಯಂತ್ರದ ಅಳತೆ ಇಳಿಸಿದಾಗ ಬಕೆಟ್ಟಿನ ಭಾರ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇಳಿದುಹೋಗಿತ್ತು. ಇಷ್ಟು ಹಗುರಕ್ಕೆ ಕೊಕ್ಕೆಯ ಬಿಗಿಯೇ ಸಾಕು. ಬಕೆಟ್ ಇಳಿಸಿ, ಸೀಸದ ಗುಂಡುಗಳನ್ನು ಕಂಠಮಟ್ಟ ಸುರಿದ. ತೋಳು ತಿಣುಕಾಡಿ ಎತ್ತಿತು.

"ಈಗ ಇಡಿ ಭಾವ, ಕೈಯ."

ಭಾವನ ಕೈ ಆಗಲೇ ಹಿಂದೆ ಸರಿದಿತ್ತು.

"ಯಾಕ್ರೀ ತೆಗೆದ್ರಿ?" ಅಂದಳು ಅಕ್ಕ.

ಭಾವ ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿ ಲೇತಿನವನ ದವಡೆಗೆ ಬೀಸಿದ. ಎರಡು ಹಲ್ಲು ರಕ್ತದ ಸಮೇತ ಉದುರಿದವು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ, ಒಳಗೆ ಲಟಕ್ಕೆಂದಿತು. ರಿಮೋಟನ್ನು ಮಾತ್ರ ಲೇತಿನವನು ಬಿಡಲಿಲ್ಲ. ಯಂತ್ರ ಎಳೆದು ಕೆಡವಲು ಭಾವ ಎಡಗೈ ಚಾಚಿದ್ದೇ ತಡ, ಅಕ್ಕ ಅವನ ಮಣಿಕಟ್ಟು ಹಿಡಿದು ಬಕೆಟ್ಟಿನ ಕೆಳಗೆ ಒತ್ತಿದಳು. ಸ್ಪ್ಯಾನರ್ ಅವಳ ಬೆನ್ನಿಗೆ ಬಿತ್ತು, ಭುಜಕ್ಕೆ ಬಿತ್ತು. ಮೈಭಾರವೆಲ್ಲ ಹಾಕಿ ಒತ್ತಿಯೇ ಇದ್ದಳು.

"ಬಿಡಲ್ಲ ಅಂದ್ರಲ್ಲ ಕೊಕ್ಕೆ?"

"ಬಿಡೇ! ಬೀಳುತ್ತೆ ಕಣೇ, ಬೀಳುತ್ತೆ!"

"ಗೊತ್ತಿತ್ತಾ?"

"ಬಕೆಟ್ ಬದಲಾಯಿಸಿದಾಗೆಲ್ಲ ಪಿನ್ ಹಾಕ್ತಾ ಕೂತ್ರೆ ಕೆಲಸ ಸಾಗ್ಬೇಕಲ್ಲ! ನಾನೇ ಬೇಡ ಅಂದಿದ್ದೆ, ಬಿಡೇ!"

ಅಕ್ಕ ತಿರುಗಿ ನೋಡಲಿಲ್ಲ. "ತಮ್ಮಾ, ಅಲುಗಿಸು."

ಲೇತಿನವನ ಹೆಬ್ಬೆರಳು ಆಡಿತು. ಬಕೆಟ್ ಕಳಚಿ, ಅಂಚಿನ ಉಕ್ಕಿನ ಹಲ್ಲು ಕೆಳಗಾಗಿ, ನಾಲ್ಕೂ ಬೆರಳಿನ ಮೇಲೆ ಬಿತ್ತು.

ಭಾವ ಅರಚುತ್ತಲೇ ಇದ್ದ. ಅಕ್ಕ ಮೇಜಿನಿಂದ ಪಿನ್ ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಇದನ್ನ ಹಾಕೋಕೆ ಎಷ್ಟು ಹೊತ್ತು ಬೇಕೋ?"

"ಅರೆ ನಿಮಿಷ," ಅಂದ ಲೇತಿನವನು, ಒಡೆದ ಬಾಯಲ್ಲೇ.