ಕಿವಿಯಣ್ಣನ ಟವೆಲ್ ಪರೀಕ್ಷೆ

ಹೆಡ್‌ಫೋನ್ ಆರಿಸುವುದರಲ್ಲಿ ಕಿವಿಯಣ್ಣನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ, ಅಕ್ಕಪಕ್ಕದ ನಾಲ್ಕು ಬೀದಿಗಳಲ್ಲೂ ಇರಲಿಲ್ಲ. ಇದನ್ನು ಬೇರೆಯವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ ಎನ್ನುವುದು ಬೇರೆ ಮಾತು. ಹೊಟ್ಟೆಪಾಡಿಗೆ ಅವನದು ಕನ್ನಡಕದ ಅಂಗಡಿ. ವಾರದಲ್ಲಿ ಆರು ದಿನ ಜನರ ಕಣ್ಣು ಪರೀಕ್ಷೆ ಮಾಡುವುದು, ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ ಅವರವರ ಕಿವಿಯ ಹಿಂದೆ ಸರಿಯಾಗಿ ಕೂರುವಂತೆ ಬಾಗಿಸುವುದು. ಏಳನೆಯ ದಿನ, ಭಾನುವಾರ ಬೆಳಿಗ್ಗೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಹುಚ್ಚರ ಸಂತೆ.

ಸಂತೆಗೆ ಬರುವವರು ಮೂವರೇ. ರಿಟೈರಾದ ಪೋಸ್ಟ್‌ಮಾಸ್ತರು, ಔಷಧದ ಅಂಗಡಿಯ ಮೇಡಂ, ಮತ್ತೆ ಕಿವಿಯಣ್ಣನ ಹೆಂಡತಿಯ ತಮ್ಮ. ಈ ಭಾವಮೈದುನನಿಗೆ ಹೆಡ್‌ಫೋನಿಗಿಂತ ಕ್ಯಾಮೆರಾ ಲೆನ್ಸಿನ ಹುಚ್ಚು. ಮುಖದ ಹಿಂದಿರುವುದೆಲ್ಲ ಬೆಣ್ಣೆಯ ಹಾಗೆ ಕರಗಿ ಮಸುಕಾಗಬೇಕು ಎಂದು ಲೆನ್ಸಿನ ಮೇಲೆ ಲೆನ್ಸ್ ಬದಲಾಯಿಸುತ್ತಾ ಹೋಗಿ, ಕೊನೆಗೆ ಅವನ ಚಿತ್ರಗಳಲ್ಲಿ ಒಂದು ಕಣ್ಣಿನ ರೆಪ್ಪೆ ಬಿಟ್ಟರೆ ಮಿಕ್ಕಿದ್ದೆಲ್ಲ ಮಸುಕು. ತನ್ನ ಹೆಂಡತಿಯ ಚಿತ್ರವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದಾಗ ಅವಳು, ‘ಓಲೆ ಹಾಕ್ಕೊಂಡು ಎರಡು ಗಂಟೆ ಕೂತಿದ್ದೆ, ಓಲೆ ಹಾಳಾಗಿ ಹೋಗ್ಲಿ, ಕಿವಿ ಎಲ್ರೀ?’ ಎಂದು ಕೇಳಿದಳಂತೆ. ಅಂದಿನಿಂದ ಅವನ ಹೆಸರು ಮಸುಕಪ್ಪ.

ಕೋಣೆಯ ಉದ್ದನೆಯ ಮೇಜಿನಲ್ಲಿ ಅರ್ಧ ಮಸುಕಪ್ಪನ ಲೆನ್ಸುಗಳಿಗೆ, ಅರ್ಧ ಹೆಡ್‌ಫೋನುಗಳಿಗೆ. ಅಲ್ಲಿ ಒಂದು ಕಟ್ಟಳೆಯಿತ್ತು. ಡಬ್ಬಿಯ ಮೇಲೆ ಬರೆದದ್ದನ್ನು ಯಾರೂ ನಂಬುವ ಹಾಗಿಲ್ಲ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರಬೇಕು. ಇನ್ನೊಬ್ಬರು ಒಂದಾದ ಮೇಲೊಂದು ಐದು ಹೆಡ್‌ಫೋನ್ ತಲೆಗೆ ಹಾಕುತ್ತಾರೆ. ಎಲ್ಲದರಲ್ಲೂ, ಮಿಕ್ಕವರಿಗೆಂದು ಇಟ್ಟ ಚಿಕ್ಕ ಸ್ಪೀಕರಿನಲ್ಲೂ, ಅದೇ ಒಂದು ಪಿಯಾನೊ ವಾದನ. ಅದರ ಮೂರನೆಯ ನಿಮಿಷದಲ್ಲಿ, ಪಿಯಾನೊ ಎರಡನೆಯ ಸಲ ತಡೆದು ನಿಂತಾಗ, ಎಲ್ಲೋ ದೂರದಲ್ಲಿ ಕೂದಲೆಳೆಯಷ್ಟು ಸಣ್ಣಗೆ ಒಂದು ಗಂಟೆ. ಅದು ಹೇಗೆ ಕೇಳಿಸಿತು ಎಂದು ವರ್ಣಿಸಿ, ತಲೆಯ ಮೇಲಿರುವುದು ಯಾವ ಹೆಡ್‌ಫೋನ್ ಎಂದು ಹೇಳಬೇಕು. ಕಿವಿಯಣ್ಣ ಯಾವಾಗಲೂ ಐದಕ್ಕೆ ಐದು. ಆ ಹೆಸರು ಬಂದದ್ದೇ ಹಾಗೆ.

ಆದರೆ ಒಂದು ಗುಟ್ಟಿತ್ತು. ನಾಲ್ಕು ವರ್ಷದಿಂದ ಅವನಿಗೆ ಆ ಗಂಟೆ ಕೇಳಿಸಿಯೇ ಇರಲಿಲ್ಲ. ಮೊದಲು ತಪ್ಪನ್ನು ನೆಗಡಿಯ ಮೇಲೆ ಹಾಕಿದ, ಆಮೇಲೆ ವಯರಿನ ಮೇಲೆ, ಆಮೇಲೆ ಆ ವಿಷಯ ಯೋಚಿಸುವುದನ್ನೇ ಬಿಟ್ಟ. ಹಾಗಾದರೆ ಗುರುತಿಸುತ್ತಿದ್ದದ್ದು ಹೇಗೆ? ಮೂವತ್ತು ವರ್ಷ ಕಂಡವರ ಕಿವಿಗೆ ಕಡ್ಡಿ ಕೂರಿಸಿದವನಿಗೆ ಅದೇನು ದೊಡ್ಡ ವಿಷಯವೇ? ಒಂದರ ಮೆತ್ತೆ ಮಖಮಲ್ಲು, ಇನ್ನೊಂದರದು ಚರ್ಮ. ಒಂದು ತಲೆಯನ್ನು ಇಕ್ಕಳದ ಹಾಗೆ ಹಿಡಿಯುತ್ತದೆ, ಇನ್ನೊಂದು ಬಲಗಡೆ ತುಸು ಭಾರ. ಎಲ್ಲ ಚರ್ಮಕ್ಕೇ ಗೊತ್ತಾಗುತ್ತಿತ್ತು. ಪಿಯಾನೊ ಎರಡನೆಯ ಸಲ ತಡೆದಾಗ ಗಂಭೀರವಾಗಿ ತಲೆದೂಗಿದರೆ ಮುಗಿಯಿತು.

ತಮಾಷೆ ನೋಡಿ, ಅಕ್ಷರದ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಬಂದು ಕಣ್ಣು ಚೆನ್ನಾಗಿದೆ ಅನ್ನಿಸಿಕೊಳ್ಳಲು ನೋಡುವ ಗಿರಾಕಿಗಳನ್ನು ಇದೇ ಮಹಾನುಭಾವ ವಾರಕ್ಕೊಬ್ಬರಂತೆ ಹಿಡಿಯುತ್ತಿದ್ದ. ‘ಯಾರಿಗೆ ಟೋಪಿ ಹಾಕ್ತಿದ್ದೀರಿ ಸ್ವಾಮಿ, ನನಗಾ, ನಿಮ್ಮ ಕಣ್ಣಿಗಾ?’ ಎಂದು ನಗುತ್ತಾ ಪಟ್ಟಿ ಬದಲಾಯಿಸುತ್ತಿದ್ದ. ಹೆಂಡತಿ ಮಾತ್ರ ಆಗಾಗ ಚುಚ್ಚುತ್ತಿದ್ದಳು. ‘ಅದ್ಯಾವುದೋ ಗಂಟೆ ಕೇಳತ್ತಂತೆ ಇವರಿಗೆ, ಅಡುಗೆಮನೆಯಿಂದ ಮೂರು ಸಲ ಕೂಗಿದ್ರೆ ಕೇಳಲ್ಲ.’ ಅದಕ್ಕೆ ಅವನು, ‘ಅದು ಬೇರೆ ಫ್ರೀಕ್ವೆನ್ಸಿ ಕಣೇ’ ಎಂದು ಜಾರಿಕೊಳ್ಳುತ್ತಿದ್ದ.

ಇವರ ಒಬ್ಬಳೇ ಮಗಳಿಗೆ ತಿಂಗಳ ಹಿಂದೆ ಕೆಲಸ ಸಿಕ್ಕಿತ್ತು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಒಂದು ಸ್ಟುಡಿಯೋ. ಓದಿದ ಧ್ವನಿಯಲ್ಲಿ ಉಸಿರಿನ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲ ತೆಗೆದು ಚೊಕ್ಕ ಮಾಡುವುದು ಅವಳ ಕೆಲಸ. ಚಿಕ್ಕಂದಿನಿಂದ ಅವಳು ಕನಸು ಕಂಡದ್ದು ಇಂಥ ಕೆಲಸವನ್ನೇ. ಅದಕ್ಕೆ ಬೇಕಾದ ಹೆಡ್‌ಫೋನನ್ನು ಅಪ್ಪನಲ್ಲದೆ ಇನ್ಯಾರು ಆರಿಸಬೇಕು? ಮೂರು ದಿನ ತಲೆ ಕೆಡಿಸಿಕೊಂಡು, ಹನ್ನೊಂದು ಹೆಡ್‌ಫೋನ್ ಹಾಕಿ ನೋಡಿ, ಬೆಳ್ಳಿ ಬಣ್ಣದ್ದೊಂದನ್ನು ಆರಿಸಿದ. ‘ಮಿಕ್ಕಿದ್ದೆಲ್ಲ ಮಂಕು. ಇದೊಂದೇ ಕಿಟಕಿ ತೆರೆದ ಹಾಗಿದೆ’ ಎಂದು ತೀರ್ಪು ಕೊಟ್ಟ.

ಒಂದು ಶನಿವಾರ ಸಂಜೆ ಮಗಳು ಸಪ್ಪೆ ಮುಖ ಹಾಕಿಕೊಂಡು ಬಂದಳು.

‘ನಾನು ಚೊಕ್ಕ ಮಾಡಿದ ಧ್ವನಿ ಎಲ್ಲ ಕಂಬಳಿ ಹೊದ್ದು ಮಾತಾಡಿದ ಹಾಗಿದೆಯಂತೆ. ಸೋಮವಾರ ಇನ್ನೊಂದು ಅಧ್ಯಾಯ ಕೊಡಬೇಕು. ಅದೂ ಹೀಗೇ ಆದ್ರೆ ಕೆಲಸ ಖಾಯಂ ಮಾಡಲ್ಲ ಅಂದ್ರು ಸ್ಟುಡಿಯೋದವರು.’

‘ಯಾಕೆ ಹಾಗಾಗ್ತಿದೆ?’

‘ಹೆಡ್‌ಫೋನ್ ಹಾಕ್ಕೊಂಡ್ರೆ ಒಂದೊಂದು ಮಾತೂ ಸೂಜಿ ಥರ ಚುಚ್ಚತ್ತೆ ಅಪ್ಪ. ತಲೆನೋವು ಬರತ್ತೆ. ಚುಚ್ಚೋದನ್ನ ಕತ್ತರಿಸ್ತೀನಿ, ಕತ್ತರಿಸಿದ್ದು ಜಾಸ್ತಿಯಾಗಿ ಧ್ವನಿ ಮಂಕಾಗತ್ತೆ.’

‘ಹೆಡ್‌ಫೋನ್ ಸರಿಯಾಗಿದೆ. ನಿನ್ನ ಕಿವಿಗೆ ಅಭ್ಯಾಸ ಆಗಬೇಕು ಅಷ್ಟೆ.’

‘ಕಿವಿ ಸರಿ ಇದ್ರೆ ತಾನೆ? ಅಮ್ಮನ ಮೂಗು ಬಂತು, ನಿಮ್ಮ ಮುಂಗೋಪ ಬಂತು, ಬರಬೇಕಾಗಿದ್ದ ನಿಮ್ಮ ಕಿವಿ ಮಾತ್ರ ಬರಲಿಲ್ಲ. ನಾಳೆ ನನಗೂ ಟವೆಲ್ ಕಟ್ಟಿ. ಅದರಲ್ಲಿ ಫೇಲಾದ್ರೆ, ಅವರು ತೆಗೆಯೋ ಮುಂಚೆ ನಾನೇ ಕೆಲಸ ಬಿಡ್ತೀನಿ.’

ಮಗಳ ಕಿವಿಯಲ್ಲಿ ಏನೋ ದೋಷವಿದೆ ಎಂದೇ ಕಿವಿಯಣ್ಣನೂ ನಂಬಿದ.

ಭಾನುವಾರ ಹತ್ತು ಗಂಟೆಗೆ ಎಲ್ಲರೂ ಸೇರಿದರು. ಮಗಳಿಗೆ ಕ್ರಮ ತೋರಿಸಲೆಂದು ಮೊದಲು ಕಿವಿಯಣ್ಣನೇ ಕೂತ. ಮೆತ್ತೆ ಮುಟ್ಟಿದ, ತಲೆದೂಗಿದ, ಐದಕ್ಕೆ ಐದು ಹೇಳಿದ. ‘ಕಿವಿ ಅಂದ್ರೆ ಇದಪ್ಪ’ ಎಂದರು ಪೋಸ್ಟ್‌ಮಾಸ್ತರು. ಆಮೇಲೆ ಮಗಳು ಕೂತಳು. ಮೊದಲು ಅವಳ ಬೆಳ್ಳಿಯ ಹೆಡ್‌ಫೋನನ್ನೇ ಹಾಕಿದರು. ಅರ್ಧ ನಿಮಿಷಕ್ಕೆ ಮುಖ ಕಿವುಚಿದಳು. ಎರಡನೆಯದು, ಕಿವಿಯಣ್ಣ ಎಂದೋ ‘ಮಂಕು’ ಎಂದು ಮೂಲೆಗೆ ತಳ್ಳಿದ್ದ ಹಳೆಯ ಕಪ್ಪು ಹೆಡ್‌ಫೋನ್. ಅದನ್ನು ಹಾಕಿದಾಗ ಅವಳ ಭುಜ ಸಡಿಲವಾಯಿತು, ಹಣೆಯ ಗಂಟು ಬಿಚ್ಚಿತು.

‘ಇದು ಹಾಯಾಗಿದೆ. ಗಂಟೆ ಬಂತು. ಮೂರು ಸಲ.’

‘ಒಂದೇ ಸಲ ಕಣಮ್ಮ’ ಎಂದರು ಪೋಸ್ಟ್‌ಮಾಸ್ತರು ಮೆತ್ತಗೆ.

‘ಹೂಂ, ಒಂದೇ’ ಎಂದರು ಮೇಡಂ. ‘ಎಲ್ಲರಿಗೂ ಗೊತ್ತಿರೋದೇ.’

ಮಗಳು ಟವೆಲ್ ಕಿತ್ತು ತೊಡೆಯ ಮೇಲೆ ಹಾಕಿಕೊಂಡಳು. ಕಣ್ಣು ತುಂಬಿತ್ತು. ‘ಗೊತ್ತಾಯ್ತಲ್ಲ ಅಪ್ಪ. ಇಲ್ಲದ ಗಂಟೆ ಕೇಳತ್ತೆ ನನಗೆ.’

ಕಿವಿಯಣ್ಣನಿಗೆ ತನ್ನ ಅಂಗಡಿಯ ಅಕ್ಷರದ ಪಟ್ಟಿ ನೆನಪಾಯಿತು. ಎಳೆಯ ಕಣ್ಣಿನವರು ಪಟ್ಟಿಯ ಕಟ್ಟಕಡೆಯ ಸಾಲು ಓದುವಾಗ, ಬೆನ್ನ ಹಿಂದೆ ನಿಂತ ಮುದುಕರು ‘ಅಲ್ಲೇನೂ ಬರೆದಿಲ್ಲವಲ್ಲ’ ಎನ್ನುವುದನ್ನು ಅವನು ಎಷ್ಟು ಸಲ ಕಂಡಿಲ್ಲ? ಇವತ್ತು ಬೆನ್ನ ಹಿಂದೆ ನಿಂತ ಮುದುಕ ತಾನೇ. ಬೆಳ್ಳಿಯ ಹೆಡ್‌ಫೋನ್ ಕಿಟಕಿ ತೆರೆದ ಹಾಗೆ ಕೇಳಿಸಿದ್ದು ಯಾಕೆಂದು ಈಗ ಹೊಳೆಯಿತು. ಅದು ಚೂಪು ಸದ್ದನ್ನು ಎತ್ತಿ ಕೊಡುತ್ತಿತ್ತು, ಅದಕ್ಕೇ ಸಣ್ಣ ಸದ್ದುಗಳು ಕೇಳದ ಕಿವಿಗೆ ಹಿತವಾಗಿತ್ತು. ಎಲ್ಲವೂ ಕೇಳುವ ಕಿವಿಗೆ ಸೂಜಿಯಾಗಿತ್ತು. ಈಗ ಬಾಯಿ ಮುಚ್ಚಿಕೊಂಡು ಕೂತರೆ ತನ್ನ ಹೆಸರು ಉಳಿಯುತ್ತದೆ, ಮಗಳ ಕೆಲಸ ಹೋಗುತ್ತದೆ. ಒಂದು ಕ್ಷಣ, ಸುಳ್ಳೇಕೆ ಹೇಳಲಿ, ಒಂದೇ ಒಂದು ಕ್ಷಣ ಅವನಿಗೆ ಹೆಸರಿನ ಆಸೆಯೇ ಹೆಚ್ಚಾಯಿತು. ಅದಕ್ಕಾಗಿ ಅವನಿಗೆ ಆಮೇಲೆ ಬಹಳ ದಿನ ನಾಚಿಕೆಯಾಗುತ್ತಿತ್ತು.

‘ಕೆಟ್ಟಿರೋದು ನಿನ್ನ ಕಿವಿ ಅಲ್ಲ’ ಎಂದ. ‘ನನ್ನದು. ನಾಲ್ಕು ವರ್ಷ ಆಯ್ತು ನನಗೆ ಆ ಗಂಟೆ ಕೇಳಿಸಿ. ಐದಕ್ಕೆ ಐದು ಹೇಳ್ತಿದ್ದದ್ದು ಮೆತ್ತೆ ಮುಟ್ಟಿ, ಕೇಳಿ ಅಲ್ಲ.’

ಪೋಸ್ಟ್‌ಮಾಸ್ತರು ಕೆಮ್ಮಿದರು.

‘ಹಾಗಾದ್ರೆ ನಾನೂ ಹೇಳಿಬಿಡ್ತೀನಿ. ನೀವು ತಲೆ ಆಡಿಸಿದಾಗ ನಾನೂ ಆಡಿಸ್ತಿದ್ದೆ. ಗಂಟೆ ಹೇಗಿರತ್ತೆ ಅಂತಾನೇ ನನಗೆ ಗೊತ್ತಿಲ್ಲ.’

‘ಅಯ್ಯೋ ಮಾಸ್ತರೇ, ನಾನು ನಿಮ್ಮನ್ನ ನೋಡಿ ಆಡಿಸ್ತಿದ್ದೆನಲ್ರೀ’ ಎಂದರು ಮೇಡಂ. ‘ಕಣ್ಣಿಗೆ ಟವೆಲ್ ಇದ್ದಾಗ ಕೆಳಗಿನ ಸಂದಿಯಿಂದ ನಿಮ್ಮ ಚಪ್ಪಲಿ ಕಾಣ್ತಿತ್ತು. ಅದು ಅಲ್ಲಾಡಿದ್ರೆ ಗಂಟೆ ಆಯ್ತು ಅಂತ ಲೆಕ್ಕ.’

‘ನಾನಂತೂ ಲೆನ್ಸ್ ತೋರಿಸೋಕೆ ಬರ್ತಿದ್ದೆ’ ಎಂದ ಮಸುಕಪ್ಪ. ‘ಗಂಟೆ ಕೇಳಲ್ಲ ಅಂದ್ರೆ ಭಾವ ಮೇಜಿನ ನನ್ನ ಅರ್ಧ ಕಿತ್ತುಕೊಳ್ತಾರೆ ಅಂತ ಸುಮ್ನಿದ್ದೆ.’

ಮಗಳು ಅಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು ಆ ವಾದನವನ್ನು ಗೆರೆಗಳಾಗಿ ತೋರಿಸುವ ಪರದೆಗೆ ಹಾಕಿದ್ದಳು. ಮೂರನೆಯ ನಿಮಿಷದ ಹತ್ತಿರ ಹಿಗ್ಗಿಸಿದಳು. ಮಸುಕಪ್ಪ ಒಂದು ಲೆನ್ಸನ್ನೇ ಭೂತಗನ್ನಡಿಯ ಹಾಗೆ ಹಿಡಿದು ಬಗ್ಗಿ ನೋಡಿ, ‘ಸಣ್ಣ ಗೆರೆ ಮೂರಿದೆ ಭಾವ. ಇದಕ್ಕೆ ಮಸುಕಿಲ್ಲ’ ಎಂದ. ಪೋಸ್ಟ್‌ಮಾಸ್ತರು ನಗಲು ಶುರುಮಾಡಿದರು, ಮೇಡಂ ಸೇರಿಕೊಂಡರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೊಬ್ಬಳು ನಗಲಿಲ್ಲ.

‘ಒಂದು ತಿಂಗಳು ನನ್ನ ಕಿವಿಯನ್ನೇ ಬೈಕೊಂಡೆ ಅಪ್ಪ. ನಿಮಗೆ ಗೊತ್ತಿದ್ದೂ ಹೇಳಲಿಲ್ಲ.’

‘ಜಂಬ ಬಿಡಲಿಲ್ಲ. ತಪ್ಪಾಯ್ತು ಮಗಳೇ’ ಎಂದ ಕಿವಿಯಣ್ಣ. ಅಷ್ಟು ಜನರೆದುರು ಅವನು ತಪ್ಪೊಪ್ಪಿಕೊಂಡದ್ದು ಅದೇ ಮೊದಲು.

ಅವಳು ಕಪ್ಪು ಹೆಡ್‌ಫೋನ್ ಎತ್ತಿಕೊಂಡು, ಸೋಮವಾರದ ಅಧ್ಯಾಯವನ್ನು ಅಲ್ಲೇ ಮೊದಲಿನಿಂದ ಶುರುಮಾಡಿದಳು. ಮಿಕ್ಕವರು ಮುಂದಿನ ಅಂಗಡಿಗೆ ಬಂದು, ಫ್ರೇಮುಗಳ ಕಪಾಟಿನ ನಡುವೆ ಸಂಜೆಯವರೆಗೂ ಪಿಸುಮಾತಿನಲ್ಲಿ ಕೂತರು. ಮೇಡಂ ಸೀನನ್ನು ಕೂಡ ಕರವಸ್ತ್ರದೊಳಗೆ ನುಂಗಿಕೊಂಡರು.

ಸೋಮವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮಗಳು ಬಂದಳು. ಬಾಗಿಲಲ್ಲೇ ನಿಂತು, ‘ಖಾಯಂ ಆಯ್ತು’ ಎಂದಳು. ಕಿವಿಯಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

‘ಧ್ವನಿ ಇಷ್ಟು ಚೆನ್ನಾಗಿದೆಯಲ್ಲ, ಹೆಡ್‌ಫೋನ್ ಯಾರು ಆರಿಸಿಕೊಟ್ರು ಅಂತ ಕೇಳಿದ್ರು.’

ಹಳೆಯ ಚಾಳಿ, ಅವನ ಕುತ್ತಿಗೆ ತಾನಾಗಿ ನೆಟ್ಟಗಾಯಿತು.

‘ನಾನೇ ಆರಿಸಿದೆ ಅಂದೆ’ ಎಂದಳು ಮಗಳು.

‘ಮತ್ತೆ? ಹಾಗೇ ಹೇಳಬೇಕು’ ಎಂದ ಕಿವಿಯಣ್ಣ. ತನ್ನ ಕಿವಿಯನ್ನು ಜನ ಹೊಗಳಿದ ಯಾವ ಭಾನುವಾರವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಕಣ್ಣು ಮಂಜಾಯಿತು. ‘ಇನ್ನು ಮೇಲೆ ನನಗೂ ನೀನೇ ಆರಿಸಿಕೊಡು.’

‘ಆರಿಸ್ತೀನಿ. ಮೊದಲು ನಾಳೆ ಹತ್ತು ಗಂಟೆಗೆ ನನ್ನ ಜೊತೆ ಕಿವಿ ಡಾಕ್ಟರ ಹತ್ರ ಬರ್ತೀರಿ. ಹೆಸರು ಬರೆಸಿ ಬಂದಿದ್ದೀನಿ.’

ಕಿವಿಯಣ್ಣ ವಾದ ಮಾಡಲು ಬಾಯಿ ತೆರೆದ, ಮಗಳ ಮುಖ ನೋಡಿ ಮುಚ್ಚಿದ. ಒಂದು ರಟ್ಟು ತೆಗೆದುಕೊಂಡು, ನಾಳೆ ಅಂಗಡಿ ಮಧ್ಯಾಹ್ನದ ಮೇಲೆ ತೆರೆಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದು, ಬಾಗಿಲಿಗೆ ತೂಗುಹಾಕಿದ.